ಬಿಳಿ ವೈನಿಗೆ ಕೊಟ್ಟ ಮಾತು

ಹೊಗಳಿಕೆ ಎಂಬ ಪದಾರ್ಥ ಎಲ್ಲರ ಮನೆಯಲ್ಲೂ ಇರುತ್ತದೆ, ಮನೆಯವರ ಬಳಕೆಗೆ ಮಾತ್ರ ಸಿಗುವುದಿಲ್ಲ ಎಂಬುದು ನನ್ನ ಬಹುಕಾಲದ ಅನುಭವ. ಬೇರೆಯವರ ಮದುವೆಯಲ್ಲಿ ತಣ್ಣಗಾದ ಬೂಂದಿ ತಿಂದು ‘ಆಹಾ’ ಎನ್ನುವ ಗಂಡಸು ತನ್ನ ಮನೆಯ ಹೋಳಿಗೆಯ ಮುಂದೆ ಕುಳಿತಾಗ ಕತ್ತು ಬಗ್ಗಿಸಿ ತಿಂದು, ಇನ್ನೊಂದಕ್ಕೆ ಕೈ ಚಾಚುತ್ತಾನೆ. ಆ ಚಾಚಿದ ಕೈಯನ್ನೇ ಹೊಗಳಿಕೆ ಎಂದು ಹೆಂಡತಿಯಾದವಳು ಅರ್ಥ ಮಾಡಿಕೊಳ್ಳಬೇಕು. ನಾನು ಬಸವಕಲ್ಯಾಣದ ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಅರ್ಥ ಮಾಡಿಕೊಳ್ಳುವುದಕ್ಕೇ ನನಗೆ ಸಂಬಳ. ಹಾಗಾಗಿ ಮನೆಯಲ್ಲೂ ಆ ಕೆಲಸ ಮಾಡುತ್ತ ಬಂದೆ. ಆದರೆ ಒಬ್ಬ ಗಂಡಸು ತನ್ನ ಹೊಗಳಿಕೆಯನ್ನೆಲ್ಲ ಕೂಡಿಟ್ಟು ಕೊನೆಗೆ ಒಂದು ಬಾಟಲಿಗೆ ಸುರಿಯುತ್ತಾನೆಂದರೆ, ಅದೂ ಬಾಟಲಿಯೊಳಗಿನದು ಬಿಳಿ ವೈನು ಎಂದರೆ, ಅದನ್ನು ಅರ್ಥ ಮಾಡಿಕೊಳ್ಳುವಷ್ಟು ಸಂಬಳ ನನಗೆ ಬರುವುದಿಲ್ಲ.

ನಮ್ಮವರು ಪಶುವೈದ್ಯರು. ಕಳೆದ ವರ್ಷ ನಿವೃತ್ತರಾದರು. ಅಲ್ಲಿಯವರೆಗೆ ನಮ್ಮ ಮನೆಯ ಫೋನು ಹೊತ್ತುಗೊತ್ತಿಲ್ಲದೆ ಬಡಿದುಕೊಳ್ಳುತ್ತಿತ್ತು. ಕೊಹಿನೂರ ಹಳ್ಳಿಯಲ್ಲಿ ಎಮ್ಮೆಗೆ ಹೊಟ್ಟೆ ಉಬ್ಬರ, ಮೋರಖಂಡಿಯಲ್ಲಿ ಆಕಳಿಗೆ ಹೆರಿಗೆ ಕಷ್ಟ. ಉಣ್ಣುವಾಗ ಎದ್ದು ಓಡುತ್ತಿದ್ದರು. ಉಂಡದ್ದು ಏನು ಎಂದು ಕೇಳಿದರೆ ಅವರಿಗೆ ನೆನಪಿರುತ್ತಿರಲಿಲ್ಲ. ಎಮ್ಮೆ ಏನು ತಿಂದಿತ್ತು ಎಂಬುದು ಮಾತ್ರ ಸರಿಯಾಗಿ ನೆನಪಿರುತ್ತಿತ್ತು. ‘ಎರಡು ದಿನದ ಹಿಂದ ಹಸಿ ಜೋಳದ ದಂಟು ಮೇದಿತ್ತು ನೋಡು, ಅದಕ್ಕ’ ಎಂದು ರಾತ್ರಿ ನನಗೆ ವಿವರಿಸುತ್ತಿದ್ದರು. ನಾನು ಆ ದಿನ ಅಷ್ಟು ಮುತುವರ್ಜಿಯಿಂದ ಮಾಡಿದ ಎಣ್ಣೆಗಾಯಿ ಬದನೆಕಾಯಿಯ ವಿಷಯ ಆ ದಂಟಿನ ಪಕ್ಕದಲ್ಲಿ ಬಾಯಿ ತೆರೆಯಲು ನಾಚಿ ಸುಮ್ಮನಾಗುತ್ತಿತ್ತು.

ನಿವೃತ್ತಿಯಾದ ಮೇಲೆ ಫೋನು ಸುಮ್ಮನಾಯಿತು. ಹೊಸ ಡಾಕ್ಟರು ಬಂದರು, ಎಮ್ಮೆಗಳು ಅವರಿಗೆ ಒಗ್ಗಿಕೊಂಡವು. ಇವರು ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಿದ್ದರು. ದಾರಿಯಲ್ಲಿ ಹೋಗುವವರು ‘ಡಾಕ್ಟರ್ ಸಾಬ್, ಆರಾಮ?’ ಎನ್ನುತ್ತಿದ್ದರು. ಆರಾಮವಾಗಿ ಇರುವುದೇ ಅವರ ಕಾಯಿಲೆಯಾಗಿತ್ತು. ಅಂಥ ಸಮಯದಲ್ಲಿ ಹುಮನಾಬಾದಿನಿಂದ ಅವರ ಹಳೆಯ ಗೆಳೆಯ, ಹಲ್ಲಿನ ಡಾಕ್ಟರ್ ವೈಜನಾಥ ಫೋನು ಮಾಡಿದರು. ವೈಜನಾಥರು ಯಾವುದೋ ರೆಸಾರ್ಟಿಗೆ ಹೋಗಿ ವೈನನ್ನು ಆಸ್ವಾದಿಸುವುದು ಹೇಗೆ ಎಂಬ ತರಬೇತಿ ಪಡೆದು ಬಂದಿದ್ದರು. ಭಾನುವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ನಾಲ್ಕು ಜನ ತಿಳಿವಳಿಕಸ್ಥರನ್ನು ಸೇರಿಸಿ ‘ಆಸ್ವಾದ ಬಳಗ’ ಶುರು ಮಾಡಿದ್ದರು. ನಮ್ಮೂರಲ್ಲಿ ನಾವು ಅಕ್ಕನ ಬಳಗ ಎಂದು ಸೇರಿ ವಚನ ಹೇಳುತ್ತೇವೆ. ಅಲ್ಲಿ ಇವರು ಆಸ್ವಾದ ಬಳಗ ಎಂದು ಸೇರಿ ಬಾಟಲಿಯ ಬಿರಡೆ ತೆಗೆಯುತ್ತಿದ್ದರು. ಬಳಗ ಎಂಬ ಶಬ್ದವಾದರೂ ಏನು ಮಾಡೀತು?

ಆ ಬಳಗದಲ್ಲಿ ಬಿಳಿ ವೈನಿಗೆ ಮಾತ್ರ ಪ್ರವೇಶ. ಕೆಂಪಿಗೆ ಇಲ್ಲ. ಇದಕ್ಕೆ ವೈಜನಾಥರು ದೊಡ್ಡ ದೊಡ್ಡ ಕಾರಣ ಹೇಳುತ್ತಿದ್ದರಂತೆ, ನಮ್ಮ ಕಡೆಯ ಬಿಸಿಲಿಗೆ ಅದೇ ಹಿತ, ನಾಲಿಗೆಗೆ ಅದೇ ಸೂಕ್ಷ್ಮ ಎಂದು. ಅವರ ಹೆಂಡತಿ ಪಾರ್ವತಿ ನನಗೆ ನಿಜವಾದ ಕಾರಣ ಹೇಳಿದಳು: ‘ಯಾರಾರ ಬಂದ್ರ ನಿಂಬಿ ಪಾನಕ ಅನ್ನಾಕ ಬರ್ತದಲ್ಲಕ್ಕ. ಕೆಂಪಂದ್ರ ಏನಂತ ಹೇಳೋದು?’

ಮೊದಲ ಭಾನುವಾರ ಇವರು ಹೋಗಿ ಬಂದಾಗ ಕೈಯಲ್ಲಿ ತಮ್ಮ ಹಳೆಯ ಲಸಿಕೆ ಡಬ್ಬಿಯಿತ್ತು. ಕಾಲುಬಾಯಿ ರೋಗದ ಲಸಿಕೆಯನ್ನು ಮಂಜುಗಡ್ಡೆಯಲ್ಲಿ ಇಟ್ಟು ಹಳ್ಳಿಗೆ ಒಯ್ಯುತ್ತಿದ್ದ ನೀಲಿ ಡಬ್ಬಿ. ಇನ್ನೂ ಯಾವುದೋ ಎಮ್ಮೆಗೆ ಇವರ ನೆನಪಾಯಿತೇನೋ ಎಂದು ನನಗೆ ಕ್ಷಣಕಾಲ ಖುಷಿಯೂ ಆಯಿತು. ಮುಚ್ಚಳ ತೆಗೆದರೆ ಒಳಗೆ ಅರ್ಧ ಖಾಲಿಯಾದ ಬಾಟಲಿ. ಬಳಗದ ನಿಯಮ ಹಾಗಂತೆ: ಒಬ್ಬೊಬ್ಬರು ಒಂದೊಂದು ಬಾಟಲಿ ಮನೆಗೆ ಒಯ್ಯಬೇಕು, ವಾರವಿಡೀ ಅದರ ಮೇಲೆ ಚಿಂತನೆ ಮಾಡಬೇಕು, ಮುಂದಿನ ಭಾನುವಾರ ಎದ್ದು ನಿಂತು ಮಾತಾಡಬೇಕು.

‘ಇದನ್ನ ಫ್ರಿಜ್ಜಿನಾಗ ಇಡಬ್ಯಾಡ್ರಿ’ ಎಂದೆ. ‘ಅದರಾಗ ಮೊಸರ ಅದ, ನಾಳಿ ಪೂಜಿ ಹಾಲ ಅದ.’

‘ದ್ರಾಕ್ಷಿ ರಸ ಇದು’ ಎಂದರು.

‘ಹಂಗಾದ್ರ ನಮ್ಮ ಹೆಡ್ ಮಿಸ್ಟ್ರೆಸ್ ಬಂದಾಗ ಒಂದ ಗ್ಲಾಸ್ ಕೊಡ್ಲಿ?’

ಅವರು ಬಾಟಲಿಯನ್ನು ಕೊತ್ತಂಬರಿ ಸೊಪ್ಪಿನ ಹಿಂದೆ ಮಲಗಿಸಿದರು. ಆ ವಾರವೆಲ್ಲ ಫ್ರಿಜ್ಜಿನ ಬಾಗಿಲನ್ನು ನಾನು ಬೇರೆ ಯಾರಿಗೂ ತೆಗೆಯಗೊಡಲಿಲ್ಲ.

ಗುರುವಾರ ಸಂಜೆ ಅಡುಗೆಮನೆಗೆ ಬಂದರು. ಕೈಯಲ್ಲಿ ಸ್ಟೀಲಿನ ಲೋಟ. ಸ್ಟೂಲು ಎಳೆದುಕೊಂಡು ಕೂತರು. ಮದುವೆಯಾದಾಗಿನಿಂದ ಅವರು ಅಡುಗೆಮನೆಯಲ್ಲಿ ಕೂತದ್ದನ್ನು ನಾನು ಕಂಡಿರಲಿಲ್ಲ. ‘ಸ್ವಲ್ಪ ಮೂಸಿ ನೋಡು’ ಎಂದರು.

‘ಏನು, ನಾನು?’

‘ಮೂಸು ಅಂದೆ, ಕುಡಿ ಅನ್ನಲಿಲ್ಲ. ನೀ ಕನ್ನಡ ಟೀಚರ್ ಇದ್ದಿ. ವಾಸನಿ ಹ್ಯಾಂಗದ ಅಂತ ಹೇಳು.’

ಬೇಡ ಎನ್ನಬಹುದಿತ್ತು. ಆದರೆ ಎಂದೂ ಅಭಿಪ್ರಾಯ ಕೇಳದ ಮನುಷ್ಯ ಕೇಳಿದ್ದಾನೆ, ಅದೂ ನನ್ನ ಹುದ್ದೆಯನ್ನು ನೆನಪಿಟ್ಟುಕೊಂಡು! ಸೆರಗಿನಲ್ಲಿ ಕೈ ಒರೆಸಿಕೊಂಡು ಮೂಸಿದೆ. ಮೊದಲು ಏನೂ ಇಲ್ಲ, ಬರೀ ತಂಪು. ಆಸೆ ಬಿಟ್ಟು ರೊಟ್ಟಿ ತಟ್ಟತೊಡಗಿದೆ. ನಾಲ್ಕು ರೊಟ್ಟಿ ಆಗುವಷ್ಟರಲ್ಲಿ ಒಲೆಯ ಪಕ್ಕ ಇಟ್ಟ ಲೋಟ ಸ್ವಲ್ಪ ಬೆಚ್ಚಗಾಗಿರಬೇಕು, ವಾಸನೆ ತಾನಾಗಿ ಎದ್ದು ಬಂತು. ನಾನು ರೊಟ್ಟಿ ಬಿಟ್ಟು ಮತ್ತೆ ಮೂಸಿದೆ.

‘ಹೊಸಾ ಕಪಾಟಿನಾಗ ಬೆಣ್ಣಿ ಮುದ್ದಿ ಇಟ್ಟು ಮರತಂಗ ಅದರಿ’ ಎಂದೆ. ‘ಅದರ ಹಿಂದ ಒಣಕೊಬ್ರಿ ಹುರದಂಗ. ಇನ್ನೂ ಹಿಂದ, ಭಾಳ ಹಿಂದ, ಒಂದು ಹಣ್ಣದ. ಅದು ಪಾಪ, ಎದ್ದು ಬರಾಕ ಒದ್ದಾಡಾಕತ್ತದ.’

ಇವರು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ನನ್ನ ಮಾತನ್ನು ಸವಿಯುತ್ತಿದ್ದಾರೆ ಎಂದುಕೊಂಡೆ. ಬಾಯಿಪಾಠ ಮಾಡುತ್ತಿದ್ದಾರೆ ಎಂಬುದು ಆಗ ಹೊಳೆಯಲಿಲ್ಲ. ಮಕ್ಕಳು ಪರೀಕ್ಷೆಯ ಕೋಣೆಯ ಹೊರಗೆ ನಿಂತು ಹೀಗೆ ತುಟಿ ಅಲ್ಲಾಡಿಸುವುದನ್ನು ವರ್ಷವರ್ಷವೂ ನೋಡುವ ನನಗೆ!

ಆಮೇಲೆ ಅವರೇ ವಿವರಿಸಿದರು. ವಿದೇಶದಲ್ಲಿ ಓಕ್ ಎಂಬ ಮರವಿದೆಯಂತೆ. ಅದರಿಂದ ಪೀಪಾಯಿ ಮಾಡಿ, ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಸುಟ್ಟು, ಅದರಲ್ಲಿ ವೈನನ್ನು ತಿಂಗಳುಗಟ್ಟಲೆ ಕೂಡಿಹಾಕುತ್ತಾರಂತೆ. ಮರದ ಗುಣ ರಸಕ್ಕೆ ಇಳಿಯುತ್ತದಂತೆ. ಕೂಡಿಹಾಕಿದವರ ಗುಣ ಒಳಗಿದ್ದವರಿಗೆ ಇಳಿಯುವುದು ನನಗೆ ಹೊಸ ಸಂಗತಿಯಲ್ಲವಾದ್ದರಿಂದ ಕೂಡಲೇ ಅರ್ಥವಾಯಿತು.

ಹೀಗೆ ಶುರುವಾಯಿತು. ವಾರಕ್ಕೊಂದು ಬಾಟಲಿ. ಮೂಸುವುದರಿಂದ ನಾನು ಔಷಧಿ ಚಮಚಕ್ಕೆ ಬಂದೆ. ಬಾಯಲ್ಲಿ ಹಾಕಿಕೊಂಡು, ಮುಕ್ಕಳಿಸಿ, ಮೋರಿಗೆ ಉಗುಳಬೇಕು. ದೊಡ್ಡ ದೊಡ್ಡ ಪರೀಕ್ಷಕರೂ ಉಗುಳುತ್ತಾರೆ ಎಂದು ಇವರು ಧೈರ್ಯ ಹೇಳಿದರು. ಉಗುಳಿದ್ದನ್ನು ಕುಡಿದದ್ದು ಎನ್ನಲಾಗದು ಎಂಬ ತರ್ಕದ ಮೇಲೆ ನಿಂತು ನಾನು ಸೋಮವಾರದ ಅಕ್ಕನ ಬಳಗಕ್ಕೂ ತಪ್ಪದೆ ಹೋಗುತ್ತಿದ್ದೆ. ಪಕ್ಕದಲ್ಲಿ ಕೂತವರ ಕಡೆ ಉಸಿರು ಬಿಡದಂತೆ ವಚನ ಹೇಳುವುದು ಮಾತ್ರ ಕಷ್ಟವಾಗುತ್ತಿತ್ತು.

ನನಗೆ ಹೆಚ್ಚು ಹಿಡಿಸಿದ್ದು ಎರಡು ಮೂರು ದ್ರಾಕ್ಷಿ ಬೆರೆಸಿ ಮಾಡಿದ ವೈನುಗಳು. ಸೊವಿನ್ಯೋ ಎಂಬ ಒಂದು ದ್ರಾಕ್ಷಿಯಿದೆ. ಹಸಿರು ವಾಸನೆ, ನಿಂಬೆ ಎಲೆ ಹಿಸುಕಿದ ಹಾಗೆ. ನಾಲಿಗೆಯ ಅಂಚಿಗೆ ಚುರುಕ್ ಎನ್ನುವ ಹುಳಿ. ನಮ್ಮ ಅತ್ತೆಯವರ ಮಾತಿನ ಜಾತಿ. ಸೆಮಿಯೋ ಎಂಬ ಇನ್ನೊಂದಕ್ಕೆ ಹುಳಿ ಕಡಿಮೆ, ಮೈ ಜಾಸ್ತಿ; ಮೇಣದ ಹಾಗೆ, ಜೇನಿನ ಹಾಗೆ ಬಾಯಲ್ಲಿ ಹರಡಿಕೊಂಡು ಕೂರುತ್ತದೆ. ಒಂದೊಂದೇ ಇದ್ದರೆ ಒಂದು ಕಿರುಚುತ್ತದೆ, ಇನ್ನೊಂದು ತೂಕಡಿಸುತ್ತದೆ. ಕೂಡಿದರೆ ಮೊದಲಿನದಕ್ಕೆ ಸಮಾಧಾನ ಬರುತ್ತದೆ, ಎರಡನೆಯದಕ್ಕೆ ಎಚ್ಚರ ಬರುತ್ತದೆ. ಬೆರೆಸುವವನ ಜಾಣತನವೆಲ್ಲ ಒಂದು ಇನ್ನೊಂದನ್ನು ನುಂಗದಂತೆ ನೋಡಿಕೊಳ್ಳುವುದರಲ್ಲಿ. ಇಂಥ ಜಾಣರು ಮದುವೆ ಮಾಡಿಸುವ ಕಸುಬಿಗೆ ಬಾರದೆ ದ್ರಾಕ್ಷಿ ತೋಟದಲ್ಲಿ ಯಾಕೆ ಉಳಿದರೋ!

ಇದೆಲ್ಲವನ್ನೂ ನಾನು ಗುರುವಾರ ಗುರುವಾರ ರೊಟ್ಟಿ ತಟ್ಟುತ್ತ ಹೇಳುತ್ತಿದ್ದೆ. ಇವರು ಸ್ಟೂಲಿನ ಮೇಲೆ ಕೂತು, ಮುಂದಕ್ಕೆ ಬಾಗಿ, ‘ಮತ್ತ? ಆಮ್ಯಾಲ?’ ಎನ್ನುತ್ತಿದ್ದರು. ನಿಜ ಹೇಳುತ್ತೇನೆ, ಆ ‘ಮತ್ತ? ಆಮ್ಯಾಲ?’ ಕೇಳುವುದಕ್ಕೋಸ್ಕರ ನಾನು ಇಲ್ಲದ ವಾಸನೆಯನ್ನೂ ಒಂದೆರಡು ಸಲ ಸೇರಿಸಿದ್ದುಂಟು.

ಒಂದು ಸೋಮವಾರ ಪಾರ್ವತಿ ಫೋನು ಮಾಡಿದಳು. ‘ಸುಮಂಗಲಕ್ಕ, ನೀ ಭಾಳ ಪುಣ್ಯವಂತಿ ನೋಡು’ ಎಂದಳು.

‘ಯಾಕವ್ವ?’

‘ನಿಮ್ಮ ಡಾಕ್ಟರ್ ಸಾಬ್ರ ಮಾತಂದ್ರ ಏನು ಮಾತು! ನಿನ್ನಿ ಅಂದ್ರು, ಒಂದು ದ್ರಾಕ್ಷಿ ಕಿರಚತದ, ಒಂದು ತೂಕಡಸತದ ಅಂತ. ನಮ್ಮ ಮನಿಯವರು ಕಣ್ಣಾಗ ನೀರು ತಗದ್ರು. ಅದಕ್ಕೂ ಮೊದಲ ಆ ಕಪಾಟಿನಾಗ ಮರತ ಬೆಣ್ಣಿ! ಈಗ ನಮ್ಮ ಮನ್ಯಾಗ ಬಾಯಿ ತಗದ್ರ ಅದೇ ಮಾತು. ಇಂಥಾವ್ರು ಮನ್ಯಾಗ ಇನ್ನ ಹ್ಯಾಂಗ ಮಾತಾಡ್ತಿರಬೇಕು!’

ನಾನು ಹೂಂ ಎಂದೆ. ಮನೆಯಲ್ಲಿ ಹೇಗೆ ಮಾತಾಡುತ್ತಾರೆ ಎಂದು ಹೇಳಬೇಕಾದರೆ ನಾನು ಆ ಮಧ್ಯಾಹ್ನದ್ದನ್ನೇ ಹೇಳಬೇಕಿತ್ತು. ಪುಂಡಿಪಲ್ಯ ಬಡಿಸಿ ‘ಹ್ಯಾಂಗಾಗ್ಯಾದ್ರಿ?’ ಎಂದು ಕೇಳಿದ್ದೆ. ‘ಆಗ್ಯಾದ’ ಎಂದಿದ್ದರು. ಪುಂಡಿಪಲ್ಯ ಆಗಿದೆ ಎಂಬುದು ನನಗೂ ಗೊತ್ತಿತ್ತು, ಮಾಡಿದವಳು ನಾನೇ.

ಸಿಟ್ಟು ಬಂತು. ಆದರೆ ಗುರುವಾರ ಬಂದಾಗ ನಾನು ಮತ್ತೆ ಮೂಸಿದೆ, ಮತ್ತೆ ಹೇಳಿದೆ. ಇವರು ಭಾನುವಾರ ಹೊರಡುವಾಗ ಮುಖದಲ್ಲಿ ಹಳೆಯ ಕಳೆಯಿರುತ್ತಿತ್ತು, ಯಾವುದೋ ಊರಲ್ಲಿ ಯಾರೋ ತನಗಾಗಿ ಕಾಯುತ್ತಿದ್ದಾರೆ ಎಂಬ ಕಳೆ. ಅದನ್ನು ಕಿತ್ತುಕೊಳ್ಳಲು ಮನಸ್ಸಾಗಲಿಲ್ಲ. ನಾನು ಹೀಗೆ ಉದಾರಳಾಗಿ ಇದ್ದುಬಿಡುತ್ತಿದ್ದೆನೋ ಏನೋ, ಅಷ್ಟರಲ್ಲಿ ಸೊಲ್ಲಾಪುರದ ಆಚೆಯ ದ್ರಾಕ್ಷಿ ತೋಟದ ಮಾಲಕರೊಬ್ಬರು ಹುಮನಾಬಾದಿಗೆ ಬರುವವರಿದ್ದಾರೆ ಎಂಬ ಸುದ್ದಿ ಬಂತು. ಅವರು ತಮ್ಮ ತೋಟದ ವೈನನ್ನು ಕರ್ನಾಟಕದಲ್ಲಿ ಮಾರಲು ಹೊರಟಿದ್ದರು. ಬಾಟಲಿಯ ಮೇಲೆ ಅಚ್ಚು ಹಾಕಲು ಕನ್ನಡದಲ್ಲಿ ಒಂದು ಚೆಂದದ ಮಾತು ಬೇಕಾಗಿತ್ತು. ವೈಜನಾಥರು ಇವರ ಹೆಸರು ಹೇಳಿದ್ದರು. ‘ಬಾಟಲಿ ಮ್ಯಾಲ ನನ್ನ ಹೆಸರ ಬರ್ತದ’ ಎಂದು ಇವರು ನನಗೆ ಎರಡೆರಡು ಸಲ ಹೇಳಿದರು. ನಾನು ಪ್ರತಿದಿನ ಕಪ್ಪು ಹಲಗೆಯ ಮೇಲೆ ಬರೆದು ಸಂಜೆ ಒರೆಸುವವಳು. ಅಚ್ಚಾಗುವ ಮಾತಿನ ಬೆಲೆ ನನಗೂ ಗೊತ್ತಿತ್ತು.

ಆ ಭಾನುವಾರ ಹೆಂಡಂದಿರಿಗೂ ಕರೆ ಬಂದಿತ್ತು. ಆಸ್ವಾದಕ್ಕಲ್ಲ, ಅಡುಗೆಗೆ. ಪಾರ್ವತಿಯ ಅಡುಗೆಮನೆಯಲ್ಲಿ ನಾನು ಮೆಣಸಿನಕಾಯಿ ಭಜಿ ಕರಿಯುತ್ತಿದ್ದೆ. ಸೂಕ್ಷ್ಮ ನಾಲಿಗೆಯ ಗಂಡಸರು ಆ ಖಾರದ ಭಜಿ ತಿಂದು ಅದರ ಮೇಲೆ ಯಾವ ಹೂವಿನ ಪರಿಮಳ ಹುಡುಕುತ್ತಾರೋ ಎಂದು ನಾನೂ ಅವಳೂ ನಗುತ್ತಿದ್ದೆವು. ಪಡಸಾಲೆಯಲ್ಲಿ ಗಾಜಿನ ಲೋಟಗಳ ಸದ್ದು ಕೇಳಿಸಿತು. ಮಾಲಕರು ಇನ್ನೂ ಮಾರಾಟಕ್ಕೆ ಬಾರದ ಹೊಸ ವೈನಿನ ಬಾಟಲಿ ಅಲ್ಲೇ ತೆಗೆದು ಎಲ್ಲರಿಗೂ ಸುರಿದಿದ್ದರು. ಮನೆಗೆ ಒಯ್ಯುವ ಮಾತಿಲ್ಲ, ಗುರುವಾರವೂ ಇಲ್ಲ. ಈಗಲೇ ಹೇಳಬೇಕು.

ಸ್ವಲ್ಪ ಹೊತ್ತಿಗೆ ಇವರು ಅಡುಗೆಮನೆಯ ಬಾಗಿಲಲ್ಲಿ ಪ್ರತ್ಯಕ್ಷರಾದರು. ಕೈಯಲ್ಲಿ ಲೋಟ, ಹಣೆಯಲ್ಲಿ ಬೆವರು. ಪಾರ್ವತಿ ನಿಂತಿದ್ದಾಳೆ ಎಂಬುದೂ ಅವರ ಗಮನಕ್ಕೆ ಬರಲಿಲ್ಲ. ‘ಲಗೂನ ಹೇಳು’ ಎಂದು ಪಿಸುಗುಟ್ಟಿದರು. ‘ಎಲ್ಲಾರೂ ಕಾಯಾಕತ್ತಾರ.’

ಪಾರ್ವತಿ ಜಾಲರಿ ಸೌಟಿನಲ್ಲಿ ಭಜಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು. ಇವರ ಮುಖ ನೋಡಿದಳು. ‘ಅಯ್ಯ ಶಿವನ!’ ಎಂದಳು. ಅಷ್ಟೂ ತಿಂಗಳ ಮಾತುಗಳ ಗುಟ್ಟು ಅವಳಿಗೆ ಆ ಒಂದು ಗಳಿಗೆಯಲ್ಲಿ ತಿಳಿಯಿತು.

ಬಹುಶಃ ಅವಳು ಅಲ್ಲಿ ಇರದಿದ್ದರೆ ನಾನು ಪಿಸುಮಾತಲ್ಲೇ ಹೇಳಿ ಕಳಿಸುತ್ತಿದ್ದೆ. ಲೋಟ ಇಸಿದುಕೊಂಡೆ. ಮೂಸಿದೆ. ಒಂದು ಗುಟುಕು ಕುಡಿದೆ. ಪಾರ್ವತಿಯ ಎದುರು ಉಗುಳುವುದು ಹೇಗೆ, ನುಂಗಿದೆ. ನುಂಗಿದ ಮೇಲೆ ಇನ್ನು ಕಳೆದುಕೊಳ್ಳುವುದು ಏನಿದೆ ಎನ್ನಿಸಿತೋ ಏನೋ, ಲೋಟ ಹಿಡಿದುಕೊಂಡು ಸೀದಾ ಪಡಸಾಲೆಗೆ ನಡೆದೆ. ಇವರು ಹಿಂದಿನಿಂದ ‘ಏ, ಏ’ ಎಂದದ್ದು ಕೇಳಿಸಿತು.

‘ಕಟ್ಟಿಗಿ ಭಾಳ ಆಗ್ಯಾದ್ರಿ’ ಎಂದೆ ಮಾಲಕರಿಗೆ. ತರಗತಿಯಲ್ಲಿ ಮಾತಾಡುವ ಧ್ವನಿಯೇ ಬಂತು. ‘ಹಣ್ಣು ಮಾತಾಡಾಕ ಬಾಯಿ ತಗದ್ರ ಸಾಕು, ಕಟ್ಟಿಗಿ ನಡುವ ಬಾಯಿ ಹಾಕತದ. ಎರಡು ದ್ರಾಕ್ಷಿ ಕೂಡಿಸೀವಿ ಅಂತೀರಿ. ಒಂದರದು ಸುದ್ದಿನೇ ಇಲ್ಲ. ಅದು ಒಳಗ ಅದ, ಕೆಲಸಾನೂ ಅದೇ ಮಾಡಾಕತ್ತದ, ರುಚಿನೂ ಅದರಿಂದನೇ ಬಂದದ. ಆದ್ರ ಹೆಸರು ಇನ್ನೊಂದರದು. ಪೀಪಾಯಿನಾಗ ಇಷ್ಟು ದಿವಸ ಇಡಬ್ಯಾಡ್ರಿ. ಅದಕ್ಕ ಉಸರ ಕಟ್ಟೇದ.’

ಮಾಲಕರು ತಮ್ಮ ಲೋಟವನ್ನು ಮೂಸಿದರು, ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು. ಆಮೇಲೆ ತೊಡೆ ತಟ್ಟಿ ನಕ್ಕರು. ‘ಬರೋಬರ್! ಏಕದಂ ಬರೋಬರ್!’ ಎಂದರು. ನನ್ನ ಎದೆ ಉಬ್ಬಿತು. ಅವರು ನನ್ನ ಹಿಂದೆ ನಿಂತಿದ್ದ ಇವರ ಕಡೆ ತಿರುಗಿ ಕೈ ಮುಗಿದರು: ‘ವಾಹ್ ಡಾಕ್ಟರ್ ಸಾಬ್! ನಿಮ್ಮ ಮನಿ ಬಾಯಾರಿಗೆ ಎಷ್ಟು ಚಂದ ತಯಾರ ಮಾಡೀರಿ!’

ಎಲ್ಲರೂ ಚಪ್ಪಾಳೆ ತಟ್ಟಿದರು. ಇವರಿಗೆ.

ನಾನು ಇವರ ಮುಖ ನೋಡಿದೆ. ಈಗಲಾದರೂ ಹೇಳುತ್ತಾರೆ ಎಂದು ಕಾದೆ. ಇವರು ಗಂಟಲು ಸರಿಮಾಡಿಕೊಂಡರು. ‘ಏನೋ, ಸ್ವಲ್ಪ ಸ್ವಲ್ಪ ಹೇಳಿಕೊಟ್ಟೀನ್ರಿ’ ಎಂದರು.

ನಾನು ಅಡುಗೆಮನೆಗೆ ಹೋಗಿ ಉಳಿದ ಭಜಿ ಕರಿದೆ. ಪಾರ್ವತಿಯ ಕಣ್ಣಲ್ಲಿ ನೀರಿತ್ತು, ಮೆಣಸಿನಕಾಯಿಯ ಹೊಗೆಗೋ ನಗುವಿಗೋ ತಿಳಿಯಲಿಲ್ಲ.

ವಾಪಸು ಬರುವಾಗ ಕಾರು ರಾಜೇಶ್ವರ ಊರು ದಾಟಿತು. ಬಂಗ್ಲಾ ಕ್ರಾಸಿನ ಹತ್ತಿರ ಹೆದ್ದಾರಿ ಬಿಟ್ಟು ನಮ್ಮೂರ ಕಡೆ ಹೊರಳಬೇಕಾದಲ್ಲಿ ಇವರು ಕಾರನ್ನು ಬದಿಗೆ ನಿಲ್ಲಿಸಿದರು. ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದರು: ‘ನನಗ ವಾಸನಿ ಬರೂದಿಲ್ಲ.’

‘ಏನು?’

‘ಆ ಕೊರೊನಾ ಜ್ವರ ಬಂದಿತ್ತಲ್ಲ, ಆವಾಗ ಹೋತು. ತಿರುಗಿ ಬರಲೇ ಇಲ್ಲ. ಹುಳಿ, ಉಪ್ಪು, ಖಾರ ತಿಳೀತದ. ಅಷ್ಟ. ಎಮ್ಮಿ ಹುಣ್ಣಿನ ವಾಸನಿನೂ ತಿಳೀತಿರಲಿಲ್ಲ. ನೌಕರಿ ಇರೋತನಕ ಯಾರಿಗೂ ಹೇಳಲಿಲ್ಲ.’

ಲಾರಿಗಳು ಹಾದು ಹೋದವು. ಇಷ್ಟು ವರ್ಷ ನನ್ನ ಎದುರೇ ಕೂತು, ಪರಿಮಳವಿಲ್ಲದ ಅನ್ನ ಉಂಡು, ಒಂದು ಮಾತು ಹೇಳದೆ ಎದ್ದು ಹೋಗಿದ್ದಾರೆ. ಏಲಕ್ಕಿ ಹಾಕಿದ ಹುಗ್ಗಿ, ತುಪ್ಪದ ಹೋಳಿಗೆ, ಎಲ್ಲವೂ ಅವರಿಗೆ ಬರೀ ಸಿಹಿ. ಅವರ ಕೈ ಮೇಲೆ ಕೈ ಇಡಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಲೆಕ್ಕ ಎಲ್ಲೋ ತಪ್ಪುತ್ತಿದೆ ಎನ್ನಿಸಿತು.

‘ಕೊರೊನಾ ಬಂದದ್ದು ಇತ್ತೀಚಿಗ’ ಎಂದೆ. ‘ಅದಕ್ಕಿಂತ ಮೊದಲಿನ ವರ್ಷಗಳಿಗೆ ಯಾವ ರೋಗ ಇತ್ತು, ಅದನ್ನೂ ಹೇಳ್ರಿ.’

ಅವರು ಕಾರು ಚಾಲೂ ಮಾಡಿದರು.

ಮಾಲಕರು ನಿಜಕ್ಕೂ ದೊಡ್ಡ ಮನುಷ್ಯರು. ನನ್ನ ಮಾತು ಕೇಳಿ ಆ ವೈನಿಗೆ ಪೀಪಾಯಿ ಕಾಣದ ರಸವನ್ನು ಬೆರೆಸಿ, ಹೊಸ ಬಾಟಲಿ ಕಳಿಸಿ, ‘ಬಾಯಾರು ಒಂದು ಮಾತು ಬರದು ಕೊಡಲಿ, ಅವರ ಹೆಸರೇ ಹಾಕ್ತೀವಿ’ ಎಂದು ಫೋನು ಮಾಡಿದರು. ಇವರು ಆ ಸಂದೇಶವನ್ನು ಯಾರೋ ತೀರಿಕೊಂಡ ಸುದ್ದಿ ಹೇಳುವ ಧ್ವನಿಯಲ್ಲಿ ನನಗೆ ಹೇಳಿದರು. ಹೇಳಿದರು ಎಂಬುದೇ ದೊಡ್ಡದು. ಈ ಸಲದ ವೈನು ಚೆನ್ನಾಗಿತ್ತು. ನಾನು ಒಂದು ಸಂಜೆ ಕೂತು ಮೂಸಿ, ಸವಿದು, ನಾಲ್ಕು ಸಲ ಹೊಡೆದು ತಿದ್ದಿ ಬರೆದೆ: ‘ಒಂದು ಹಣ್ಣು ಮಾತಾಡುತ್ತದೆ, ಒಂದು ಹಣ್ಣು ಕೇಳುತ್ತದೆ, ಮರದ ಘಮ ಬಾಗಿಲಾಚೆ ನಿಂತು ಕಾಯುತ್ತದೆ.’ ಬರೆದು ಮುಗಿಸಿ ಕೆಳಗೆ ನನ್ನ ಹೆಸರು ಬರೆಯಲು ಹೋದಾಗ ಪೆನ್ನು ನಿಂತಿತು. ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯ ಟೀಚರ್ ಹೆಸರು ಹೆಂಡದ ಬಾಟಲಿಯ ಮೇಲೆ! ಹೆಡ್ ಮಿಸ್ಟ್ರೆಸ್ಸು, ಅಕ್ಕನ ಬಳಗ, ಮಕ್ಕಳ ತಂದೆತಾಯಂದಿರು, ಎಲ್ಲರೂ ಸಾಲಾಗಿ ಕಣ್ಣ ಮುಂದೆ ನಿಂತರು. ನನ್ನ ಮಾತು ಕದ್ದರು ಕದ್ದರು ಎಂದು ನಾನು ಯಾರ ಮೇಲೆ ಹಲ್ಲು ಕಡಿದಿದ್ದೆನೋ ಅವರ ಕೈಗೇ ಆ ಚೀಟಿ ಕೊಟ್ಟು, ‘ಹೆಸರು ಬ್ಯಾಡ ಅನ್ರಿ’ ಎಂದೆ.

‘ಹಂಗಾದ್ರ ನನ್ನ ಹೆಸರ ಹಾಕ್ರಿ ಅನ್ಲಿ?’ ಎಂದರು, ಬಹಳ ಮೆಲ್ಲಗೆ.

‘ಯಾರದೂ ಬ್ಯಾಡ’ ಎಂದೆ.

ಮೊನ್ನೆ ಅಚ್ಚಾದ ಬಾಟಲಿ ಬಂತು. ನೀಲಿ ಡಬ್ಬಿಯಿಂದ ತೆಗೆದು ಇವರೇ ಅಡುಗೆಮನೆಗೆ ತಂದರು. ಚೆಂದದ ಚೀಟಿ, ಬಂಗಾರದ ಅಂಚು, ನಡುವೆ ನನ್ನ ಮಾತು. ಕೆಳಗೆ ‘ರಸಿಕರೊಬ್ಬರ ನುಡಿ’ ಎಂದಿತ್ತು. ಕನ್ನಡಕ ಏರಿಸಿಕೊಂಡು ನಾನು ಓದಿದೆ. ‘ಮರದ ಗಮ’ ಎಂದು ಅಚ್ಚಾಗಿತ್ತು. ಘಕಾರದ ಪ್ರಾಣ ಹೋಗಿತ್ತು. ಇಷ್ಟು ವರ್ಷ ಎಷ್ಟು ಸಾವಿರ ಮಕ್ಕಳ ಪುಸ್ತಕದಲ್ಲಿ ಯಾವ ತಪ್ಪನ್ನು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದೇನೋ ಅದೇ ತಪ್ಪು, ನನ್ನ ಬದುಕಿನಲ್ಲಿ ಅಚ್ಚಾದ ಒಂದೇ ಒಂದು ವಾಕ್ಯದಲ್ಲಿ. ಊರೂರಿನ ಅಂಗಡಿಗಳಲ್ಲಿ ಸಾಲಾಗಿ ನಿಂತಿರುತ್ತದೆ. ತಿದ್ದಿಸೋಣವೆಂದರೆ ಆ ಮಾತು ನನ್ನದೆಂದು ಯಾರಿಗಾದರೂ ಹೇಳಬೇಕು.

ಇವರು ಸ್ಟೂಲು ಎಳೆದು ಕೂತರು. ಲೋಟಕ್ಕೆ ಸುರಿದು ನನ್ನ ಮುಂದೆ ಹಿಡಿದರು. ಈ ಸಲ ಭಾನುವಾರಕ್ಕೆ ಬಾಯಿಪಾಠ ಮಾಡುವುದು ಏನೂ ಇರಲಿಲ್ಲ. ಬಳಗಕ್ಕೆ ಹೋಗುವುದನ್ನು ಅವರು ಬಿಟ್ಟಾಗಿತ್ತು. ಆದರೂ ಮುಂದಕ್ಕೆ ಬಾಗಿ ಕೇಳಿದರು, ‘ಹ್ಯಾಂಗದ? ವಾಸನಿ ಬರಾಕತ್ತದೇನು?’

ನಾನು ಮೂಸಿದೆ. ಹಣ್ಣು, ಹಸಿರು, ದೂರದಲ್ಲಿ ಎಲ್ಲೋ ಸುಟ್ಟ ಮರ, ಎಲ್ಲವೂ ಇದ್ದವು.

‘ಬರಾಕತ್ತದ್ರಿ’ ಎಂದೆ. ‘ಗಮ ಭಾಳ ಚೊಲೋ ಅದ.’